ಮೊನಾಂಗಹೇಲಾ ದಂಡೆಯಲ್ಲಿ ನಾಲ್ಕು ರೈ

ಬೆಲೆಚೀಟಿ ಕಾಣದಂತೆ ಕಂದು ಕಾಗದದ ಚೀಲ ತೊಡಿಸಿ
ನಾಲ್ಕು ಬಾಟಲಿ ನಿಲ್ಲಿಸಿದ್ದೇನೆ ಅಡುಗೆಮನೆಯ ಮೇಜಿನ ಮೇಲೆ.
ಕತ್ತು ಮಾತ್ರ ಹೊರಗೆ,
ಕ್ಷೌರಕ್ಕೆ ಕೂತವರ ಹಾಗೆ.

ಫೆಬ್ರವರಿಯ ಗುರುವಾರ. ಕೆಳಗೆ ನದಿಯಲ್ಲಿ
ಕಲ್ಲಿದ್ದಲು ಹೊತ್ತ ಬಾರ್ಜು ಬಾಗಿಲು ತೆರೆಯಲೆಂದು ಕಾದಿದೆ.
ಸರ್ಕಾರಿ ಮದ್ಯದಂಗಡಿಯ ಗಲ್ಲಾದ ಹಿಂದೆ ನನಗೆ ಹತ್ತೊಂಬತ್ತು ವರ್ಷ:
ಬೆಲೆ ಬಾಯಿಪಾಠ.
ರುಚಿ, ಗಿರಾಕಿಗಳ ಮುಖ ಓದಿ ಕಲಿತದ್ದು.
ಕಾಸಿಗೆ ತಕ್ಕ ಕಜ್ಜಾಯವೋ ಅಲ್ಲವೋ
ಇವತ್ತು ನೋಡಿಯೇ ಬಿಡೋಣ ಎಂದು
ಡೆಲ್ಬರ್ಟ್ ಪೆನ್ಸಿಲು ಚೂಪು ಮಾಡಿ ತಂದಿದ್ದಾನೆ.

ಒಂದನೆಯದು. ಮೂಗಿಗೆ ತಾಗುವಾಗಲೇ ಸಬ್ಬಸಿಗೆ,
ಸೌತೆಯ ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸಿದಂತೆ.
ನಾಲಗೆ ಚುರ್ ಎಂದಿತು; ಆಮೇಲೆ ಏನೂ ಇಲ್ಲ.
"ಬಾಗಿಲು ತಟ್ಟಿ ಓಡಿಹೋದ ಹುಡುಗ," ಅಂದಳು ಬರ್ನಡೆಟ್.

ಎರಡನೆಯದಕ್ಕೆ ಕಿತ್ತಳೆ ಸಿಪ್ಪೆ, ಲವಂಗ,
ಭಾನುವಾರದ ಕೋಟಿನ ಒಳಜೇಬು.
ಒಳ್ಳೆಯದೇ. ಒಳ್ಳೆಯದು ಎಂದು ತನಗೂ ಗೊತ್ತಿರುವಂಥದ್ದು.

ಮೂರನೆಯದು ಒಗರು. ಮೊದಲ ಗುಟುಕಿಗೆ ಯಾರೂ ಮಾತಾಡಲಿಲ್ಲ.
ಕಾಳುಮೆಣಸು ಕಚ್ಚಿ ಬಾವಿಯ ನೀರು ಕುಡಿದರೆ
ಹಲ್ಲಿನ ಬುಡದಲ್ಲಿ ಉಳಿಯುವುದಲ್ಲ, ಆ ತಂಪು.

ನಾಲ್ಕನೆಯದು ಮೇಪಲ್ ಪಾಕದಲ್ಲಿ ಅದ್ದಿದ ಹಳೇ ಕುರ್ಚಿ.
ಮರ, ಮರ, ಮತ್ತೆ ಮರ.
ಆದರೂ ಎಲ್ಲರೂ ಹುಬ್ಬೇರಿಸಿದೆವು,
ದುಬಾರಿಯದರ ವಾಸನೆ ಚೀಲ ದಾಟಿ ಬರುತ್ತದೆ.

ಮೂಲೆಯಲ್ಲಿ ಕ್ಲೆಟಸ್ ಯುರ್ಚಾಕ್.
ಮೂವತ್ತೊಂದು ವರ್ಷ ಕೋಕ್ ಒಲೆಗಳ ಬಾಯಿಗೆ ಎದುರು ನಿಂತವನು,
ಮೂಗನ್ನು ಅಲ್ಲಿಯೇ ಬಿಟ್ಟು ಪಿಂಚಣಿ ತಂದವನು.
"ಅವನಿಗೆ ಯಾವುದಾದರೇನು, ಅಗ್ಗದ್ದೇ ಹಾಕು," ಡೆಲ್ಬರ್ಟ್ ಪಿಸುಗುಟ್ಟಿದ.
ನಾಲ್ಕನ್ನೂ ಸಮಸಮ ಸುರಿದೆ.

ಕ್ಲೆಟಸ್ ಮೂಸಲಿಲ್ಲ. ನುಂಗಿ, ಕಣ್ಣು ಮುಚ್ಚಿ,
ಬೆರಳ ಗೆಣ್ಣುಗಳ ಮೇಲೆ ಬಿಸಿಯನ್ನು ಎಣಿಸಿದ.
ಮೊದಲನೆಯದು ಹನ್ನೊಂದು. ಎರಡನೆಯದು ಇಪ್ಪತ್ತು.
ಮೂರನೆಯದಕ್ಕೆ ಎದೆಮೂಳೆ ತಟ್ಟಿಕೊಂಡ:
"ನಲವತ್ತಾಯಿತು, ಇನ್ನೂ ಇಲ್ಲೇ ಕೂತಿದೆ."
ನಾಲ್ಕನೆಯದು ಇಪ್ಪತ್ತೆರಡಕ್ಕೆ ಮುಗಿಯಿತು.
"ದೊಡ್ಡ ಮನುಷ್ಯರು. ಬೇಗ ಎದ್ದು ಹೋಗುತ್ತಾರೆ."

ಚೀಲ ಕಳಚಿದೆ. ಇಪ್ಪತ್ಮೂರು ಡಾಲರು, ಅರವತ್ನಾಲ್ಕು,
ನಲವತ್ತೊಂದು, ನೂರ ತೊಂಬತ್ತು.
ಔನ್ಸಿನ ಲೆಕ್ಕ ಹೊಡೆದುಹಾಕಿ ಡೆಲ್ಬರ್ಟ್
ಬೆಲೆಯನ್ನು ಕ್ಲೆಟಸನ ಎಣಿಕೆಯಿಂದ ಭಾಗಿಸಿದ.
ಕೊನೆಯದು ಎಣಿಕೆಗೆ ಎಂಟೂವರೆ. ಮೂರನೆಯದು ಒಂದೇ ಡಾಲರು, ಚಿಲ್ಲರೆ.
ಇದು ಯಾವ ಶಾಸ್ತ್ರ ಎಂದು ಕೇಳಿದರೆ
ಕನ್ನಡಕದ ಮೇಲಿಂದ ನೋಡಿದ.

"ಅದರ ವಾಸನೆ ಏನು?" ಕ್ಲೆಟಸ್ ಕೇಳಿದ್ದು ಆಗ.
ಯಾರಿಗೂ ಹೊಳೆಯಲಿಲ್ಲ. ಬರ್ನಡೆಟ್ ಮತ್ತೊಮ್ಮೆ ಮೂಸಿದಳು.
"ನಮ್ಮ ಸೋದರತ್ತೆಯ ಬೇಕರಿ," ಅಂದಳು, "ಬೆಳಗಿನ ನಾಲ್ಕು ಗಂಟೆ,
ರೈ ರೊಟ್ಟಿಯ ತೊಗಟೆ ಒಲೆಯಿಂದ ಬಂದು ಚಟಪಟ ಒಡೆಯುವಾಗ.
ಶಾಜೀರಿಗೆ. ಒದ್ದೆ ಹಿಟ್ಟಿನ ಹುಳಿ.
ಅತ್ತೆಯ ಕೈ, ಗೋಡೆಗೆ ಒರಗಿಸಿದ ಮರದ ಹುಟ್ಟು, ಅಷ್ಟೇ."

"ಇನ್ನೊಂದು ಸಲ ಹೇಳು," ಅಂದ.
ಅವಳು ಹೇಳಿದಳು, ಈ ಸಲ ನಿಧಾನವಾಗಿ,
ಮತ್ತು ಅವನು ಅವಳ ಮಾತಿನ ವೇಗಕ್ಕೇ ಗುಟುಕರಿಸಿದ.

ನೂರ ತೊಂಬತ್ತರದಕ್ಕೆ ಬಿರಡೆ ಒತ್ತಿ ಕಪಾಟಿನೊಳಗಿಟ್ಟೆ.
ಮೂರನೆಯದರ ತಳ ಕಂಡಿತ್ತು.
ಹೊರಗೆ ಬಾರ್ಜು ಕೊನೆಗೂ ದಾಟಿತ್ತು.
ಕ್ಲೆಟಸ್ ಕೋಟು ತೊಟ್ಟು, ಮೆಟ್ಟಿಲ ಹಿಮವನ್ನು ಬೂಟಿನಿಂದ ತಡವಿ ಇಳಿದು,
ಗೇಟಿನ ಹತ್ತಿರ ನಿಂತು ಕೂಗಿದ:
"ಎಂಬತ್ತನಾಲ್ಕು!"

ಡೆಲ್ಬರ್ಟ್ ಪೆನ್ಸಿಲಿಗಾಗಿ ಜೇಬು ತಡಕಿದ.