ಗಡಿಯಾರಕ್ಕೊಂದು ಸ್ಟೂಲು

ಕುಮಟಾ ಉಪವಿಭಾಗದ ಕಚೇರಿಯಲ್ಲಿ
ಇಪ್ಪತ್ತಾರು ವರ್ಷ ಅರಗು ಕರಗಿಸಿದವನು ನಾನು,
ಜವಾನ ಬೀರ ಗುನಗ.
ಹಸಿರು ಬಣ್ಣದ ತಗಡಿನ ಟೆಂಡರ್ ಪೆಟ್ಟಿಗೆ,
ನೆತ್ತಿಯ ಮೇಲೆ ಒಂದೇ ಸೀಳು,
ಕಾಣಿಕೆ ಹುಂಡಿಯ ಹಾಗೆ.
ದೇವರಿರಲಿಲ್ಲ, ಬೀಗ ಇತ್ತು.

ಸಂಜೆ ನಾಲ್ಕಕ್ಕೆ ಅದರ ಬಾಯಿ ಮುಚ್ಚಬೇಕು.
ಗೇಟಿನ ಹೊರಗೆ ಗಾಳಿಮರದ ಬುಡದಲ್ಲಿ
ಬುಲೆಟ್ ನಿಲ್ಲಿಸಿಕೊಂಡು ಐದಾರು ಮಂದಿ,
ಈ ಸಲ ಮೋರಿ ನಿಂದು, ಮುಂದಿನ ಸಲ ರಸ್ತೆ ನಂದು ಎಂದು
ಕವಳ ಹಂಚಿದಷ್ಟೇ ಸಲೀಸಾಗಿ
ಕೆಲಸ ಹಂಚಿಕೊಳ್ಳುವವರು.
ಹೊಸಬರ ಲಕೋಟೆ ಆ ಮರ ದಾಟುತ್ತಿರಲಿಲ್ಲ.

ರುಕ್ಮಾ ಆಗೇರ ಬಂದದ್ದು ನೆನಪಿದೆ.
ಗಂಡ ಹೋದಮೇಲೆ ತನ್ನ ಹೆಸರಿಗೇ ಲೈಸೆನ್ಸು ಮಾಡಿಸಿದವಳು,
ನಾಲ್ಕನೇ ದರ್ಜೆ, ಸೆರಗಿನಡಿ ಲಕೋಟೆ.
ಮರದಡಿ ಮಾತಿಗೆ ಹಿಡಿದರು,
ಚಾ ತರಿಸಿದರು, ಮಕ್ಕಳ ಸುದ್ದಿ ಕೇಳಿದರು.
ಅವಳು ಮೆಟ್ಟಿಲು ಹತ್ತುವಾಗ ಮೂರು ಐವತ್ತು,
ನಮ್ಮ ಗೋಡೆಯ ಮೇಲೆ ನಾಲ್ಕು ಮೂರು.
ಮಧ್ಯಾಹ್ನ ಸ್ಟೂಲು ಹಾಕಿ ಮುಳ್ಳು ತಿರುಗಿಸಿದವನು
ನಾನೇ.
ಎಷ್ಟಕ್ಕೆ ಎಂದು ಕೇಳಬೇಡಿ.
ಒಂದು ಬುಟ್ಟಿ ಬಂಗಡೆಯೂ ಬಾರದಷ್ಟಕ್ಕೆ.

ಅವಳು ಗೋಡೆ ನೋಡಿದಳು. ಮಣಿಕಟ್ಟು ನೋಡಿಕೊಂಡಳು.
ತಪ್ಪು ತನ್ನ ಗಡಿಯಾರದ್ದೇ ಎಂಬಂತೆ
ಅದಕ್ಕೆ ಕೀಲಿ ಕೊಡುತ್ತ ಇಳಿದುಹೋದಳು.

ಈಗ ಅವಳ ಕೀಲಿಗೊಂಚಲಲ್ಲಿ
ಮನೆಯದು, ಕಾಂಕ್ರೀಟ್ ಮಿಕ್ಸರಿನದು,
ಜೊತೆಗೆ ಬೆರಳುದ್ದದ ಡಿಜಿಟಲ್ ಸಹಿ.
ರಾತ್ರಿ ಹನ್ನೊಂದಕ್ಕೆ ನೆಟ್‌ವರ್ಕು ಎಚ್ಚರಾದಾಗ
ಝೆರಾಕ್ಸ್ ಅಂಗಡಿಯ ಹುಡುಗ ಶಟರು ಅರ್ಧ ಎಳೆದು
ಠೇವಣಿ, ತೆರಿಗೆ, ದರಪಟ್ಟಿ ಏರಿಸುತ್ತಾನೆ.
ನೀಲಿ ಗೆರೆ ತೊಂಬತ್ತರಲ್ಲಿ ನಿಂತು, ಉಸಿರು ಹಿಡಿದು,
ಆಮೇಲೆ ದಾಟುತ್ತದೆ.
ಆ ಗಡಿಯಾರ ಬೆಂಗಳೂರಲ್ಲೆಲ್ಲೋ ಇದೆಯಂತೆ.
ಸ್ಟೂಲಿಗೆ ಎಟುಕುವುದಲ್ಲ.

ಹಾಗಂತ ಎಲ್ಲ ತಿಳಿಯಾಯಿತು ಎನ್ನಲಾರೆ.
ಮರದಡಿಯವರು ಮೊಬೈಲಲ್ಲೇ ಗುಂಪು ಕಟ್ಟಿದ್ದಾರೆ.
ಗಜನಿ ಕಟ್ಟಿನ ಅಂದಾಜುಪಟ್ಟಿಯಲ್ಲಿ
ಉಬ್ಬರಕ್ಕೆ ಕೆಲಸ ನಿಲ್ಲುವ ದಿನಗಳಿಗೆ ಜಾಗವೇ ಇಲ್ಲ;
ಹುಣ್ಣಿಮೆ ಎಂದು ಬರೆದರೆ ಪರದೆ ಕೆಂಪಾಗುತ್ತದೆ,
ಅಂಕಿ ಮಾತ್ರ ನಮೂದಿಸಿ.

ಆದರೂ ಆ ಮಂಗಳವಾರ
ಇಂಜಿನಿಯರು ಕೀಲಿ ಚುಚ್ಚಿ ಬೆಲೆ ತೆರೆದಾಗ
ನೀರಿನ ಲೋಟ ಇಡುವ ನೆಪದಲ್ಲಿ ನಾನೂ ನಿಂತಿದ್ದೆ.
ಗಜನಿಯಾಚೆ ಶಾಲೆಗೆ ಹೋಗುವ ಕಾಲುಸಂಕ.
ಮೊದಲ ಸಾಲಿನಲ್ಲಿ ರುಕ್ಮಾ ಆಗೇರ,
ಎರಡನೆಯವನಿಗಿಂತ ನಾಲ್ಕು ಸಾವಿರದ ಹನ್ನೆರಡು ರೂಪಾಯಿ ಕಮ್ಮಿ.
ಯಾರೂ ಏನೂ ಅನ್ನಲಿಲ್ಲ.
ಫ್ಯಾನು ತಿರುಗುತ್ತಿತ್ತು.

ನಾನು ನಿವೃತ್ತನಾಗಿ ಎರಡು ಮಳೆಗಾಲ.
ಪೆಟ್ಟಿಗೆ ಗುಜರಿಗೆ ಹೋಗಬೇಕಾದರೂ
ಆನ್‌ಲೈನ್ ಹರಾಜೇ ಆಗಬೇಕಂತೆ.
ಯಾರೂ ಕೂಗಿಲ್ಲ, ಮೂಲೆಯಲ್ಲಿ ಬಿದ್ದಿದೆ.
ಅದರ ಕೀಲಿ ಮರಳಿಸುವುದು ನನಗೆ ಮರೆತಿದೆ.

ಮೊನ್ನೆ ಇಳಿತದ ಹೊತ್ತಲ್ಲಿ
ಮೊಮ್ಮಗಳ ಕೈಹಿಡಿದು ಸಂಕ ದಾಟುತ್ತಿದ್ದೆ.
ನಡುವಲ್ಲಿ ನಿಂತು ರುಕ್ಮಾ
ಹೊಸ ಕೈಗೋಡೆಗೆ ನೀರು ಹೊಯ್ಯಿಸುತ್ತಿದ್ದಳು.
‘ಗಂಟೆ ಎಷ್ಟಾಯ್ತು, ಬೀರಣ್ಣ?’ ಎಂದಳು.

ಅವಳ ಕೈಯಲ್ಲಿ ಗಡಿಯಾರ ಇತ್ತು.