ಕಕ್ಕಡ ಹತ್ತೊಂಬತ್ತು

ಇಲ್ಲಿಗೆ ಬಂದ ಮೊದಲ ವರ್ಷ ಹೆದರಿಬಿಟ್ಟಿದ್ದೆ.
ವಿರಾಜಪೇಟೆಯ ಆಸ್ಪತ್ರೆ, ಲ್ಯಾಬಿನ ಕಿಟಕಿ,
ಆಗಸ್ಟಿನ ಒಂದು ಬೆಳಿಗ್ಗೆ
ಸಾಲಾಗಿ ಬಂದ ಸೀಸೆಗಳೆಲ್ಲ ಕೆಂಪು.
ಮುದುಕರದು, ಬಸುರಿಯರದು, ಶಾಲೆ ಹುಡುಗನದು.
ಊರಿಗೆ ಊರೇ ರಕ್ತ ಉಚ್ಚೆ ಹೊಯ್ಯುತ್ತಿದೆಯೆಂದು
ಡಾಕ್ಟರ ಕೋಣೆಗೆ ಓಡಿದ್ದೆ.
ಆಯಾ ಚೋಂದಮ್ಮ ನಕ್ಕು ನಕ್ಕು
ಸೆರಗಿನಲ್ಲಿ ಕಣ್ಣೊರೆಸಿಕೊಂಡಳು:
‘ನಿನ್ನೆ ಕಕ್ಕಡ ಹದಿನೆಂಟು ಮಗಳೇ,
ಮದ್ದುಸೊಪ್ಪಿನ ಪಾಯಸ ತಿಂದಿದ್ದೇವೆ.
ಹದಿನೆಂಟು ಮದ್ದು ಅದರೊಳಗೆ, ಆ ಒಂದು ದಿನ.’

ಬಯಲುಸೀಮೆಯವಳು. ಈಗ ಒಂಬತ್ತು ವರ್ಷ.
ಬಣ್ಣದ ಕಾಲಮಿನ ಪಕ್ಕ
‘ಸೊಪ್ಪು’ ಎಂದು ಪೆನ್ಸಿಲಿನಲ್ಲಿ ಬರೆದು ಮುಂದೆ ಹೋಗುತ್ತೇನೆ.

ಪಲಂಗಪ್ಪನವರು ಹುತ್ತರಿ ಕಳೆದ ಮೇಲೆ ಬರತೊಡಗಿದರು.
ಎಪ್ಪತ್ತಮೂರು. ಮೂವತ್ತೊಂದು ವರ್ಷ
ಮನೆಮನೆಯ ಕರೆಂಟು ಮೀಟರ್ ಓದಿದವರು.
ಮೊದಲು ಸೊಂಟ. ಆಮೇಲೆ ಹೊಟ್ಟೆಯಲ್ಲಿ ಉರಿ.
ಎದೆಯ ಮೇಲೆ ಯಾರೋ ಅಕ್ಕಿಮೂಟೆ ಇಟ್ಟು
ಮರೆತು ಹೋದ ಹಾಗೆ.
ಬೆಳಗಿನ ಜಾವ ಮೂರಕ್ಕೆ ಎಚ್ಚರ, ಮತ್ತೆ ರೆಪ್ಪೆ ಕೂಡದು.
ಬೆಲ್ಟಿಗೆ ಹೊಸದಾಗಿ ಎರಡು ತೂತು.

ಸಕ್ಕರೆ ನೋಡಿದೆ, ಥೈರಾಯ್ಡ್, ಕಬ್ಬಿಣ, ಬಿ ಹನ್ನೆರಡು.
ಇಸಿಜಿ ಎರಡು ಸಲ. ಹೊಟ್ಟೆಯೊಳಗೆ ಇಣುಕಲು ಮೈಸೂರಿಗೆ.
ಎಲ್ಲಾ ನಾರ್ಮಲ್.
ವರದಿ ಕೊಟ್ಟರೆ ಬೆರಳಿಟ್ಟು ಅಂಕಿ ಓದುವರು,
ಮೀಟರಿನ ಮುಂದೆ ನಿಂತಂತೆಯೇ, ತುಟಿ ಅಲ್ಲಾಡದೆ.
‘ಹಾಗಾದರೆ ನೋವು ಎಲ್ಲಿಂದ?’
ಒಳ್ಳೆಯ ಸುದ್ದಿ ಕೊಟ್ಟವಳಂತೆ ನಾನು ನಗುತ್ತಿದ್ದೆ.
ವಯಸ್ಸು, ಅಂದೆ. ಸೊಸೆ ದೇಚಮ್ಮನೂ ಅಂದಳು.
ಆಸ್ಪತ್ರೆಯ ಹಸಿರು ಗೌನು ಅದು,
ಹಿಂದೆ ಲಾಡಿ ಕಟ್ಟಿದರೆ ಯಾರ ಮೈಗೂ ಆಗುತ್ತದೆ.

ಈ ಸಲ ಹತ್ತೊಂಬತ್ತರ ಬೆಳಿಗ್ಗೆ
ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ಸೀಸೆ.
ಮೂರು ಮಾತ್ರ ಹಳದಿ.
ಒಂದು ಒಡಿಶಾದಿಂದ ಬಂದ ಗಾರೆಯವನದು,
ಒಂದು ಹತ್ತು ತಿಂಗಳ ಕೂಸಿನದು,
ಒಂದು ಪಲಂಗಪ್ಪನವರದು.

ಹೊರಗೆ ಬೆಂಚಿನಲ್ಲಿ ಕೂತಿದ್ದರು,
ರೈನ್‌ಕೋಟಿನ ಜಿಪ್ಪು ಗದ್ದದವರೆಗೆ.
‘ನಿನ್ನೆ ಮನೆಯಲ್ಲಿ ಪಾಯಸ ಮಾಡಲಿಲ್ವಾ?’
‘ಮಾಡಿದ್ರು.’
ತುಂಬ ಹೊತ್ತಾದ ಮೇಲೆ, ‘ವಾಸನೆ ಬರಲಿಲ್ಲ.’

ಆ ಸೊಪ್ಪು ಕುದಿಯುವ ವಾಸನೆ!
ರಸ್ತೆಯ ತಿರುವಿನಲ್ಲೇ ಬಂದು ಕೈಹಿಡಿಯುತ್ತದೆ.

ದೇಚಮ್ಮ ಗೋಡೆ ನೋಡುತ್ತಾ ಹೇಳಿದಳು:
ಇಸ್ಪೀಟಿಗೆ ಹೋಗಿ ಎಂಟು ತಿಂಗಳು.
ಮನೆ ತುಂಬ ಜನ, ಮಾತಾಡುವುದು ನೋವಿನದಷ್ಟೇ.
ನಾಯಿ ಹತ್ತಿರ ಬಂದರೆ ಕಾಲು ಎಳೆದುಕೊಳ್ಳುತ್ತಾರೆ.
‘ಬೇಜಾರಾ ಮಾವ, ಅಂತ ಕೇಳಿದೆ.
ಬೇಜಾರೇನಿಲ್ಲ, ಸೊಂಟ, ಅಂದ್ರು.’

ಅಂಕಿ ಬರೆಯುವುದಷ್ಟೇ ನನ್ನ ಕೆಲಸ.
ಆದರೂ ‘ಹಳದಿ’ ಎಂದು ಬರೆದು, ಅಡಿಗೆರೆ ಎಳೆದು,
ಕಾಗದ ಹಿಡಿದು ಮೊದಲ ವರ್ಷದಂತೆಯೇ ಓಡಿದೆ.
ಈ ಸಲ ಯಾರೂ ನಗಲಿಲ್ಲ.
ಡಾಕ್ಟರು ಸ್ಟೆತಸ್ಕೋಪ್ ಮೇಜಿಗಿಟ್ಟು
ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡರು.
‘ಕೊನೆಯ ಸಲ ಯಾವುದರಿಂದ ಖುಷಿಯಾಯಿತು, ನೆನಪಿದೆಯಾ?’
ನಾನು ಬಾಗಿಲು ಎಳೆದುಕೊಂಡೆ.
ನಲವತ್ತು ನಿಮಿಷ. ಕಾರಿಡಾರಿನಲ್ಲಿ ಜನ ಗೊಣಗಿದರು,
ಚೋಂದಮ್ಮ ಅವರ ಮೇಲೆ ಗೊಣಗಿದಳು.

ಅಕ್ಟೋಬರಿನ ಕೊನೆ. ಕಿಟಕಿಯ ಗಾಜಿಗೆ
ಬೆರಳ ಗಂಟಿನಿಂದ ಟಕಟಕ.
ಸೊಂಟನೋವು ಇದೆಯಂತೆ, ಅರ್ಧ.
ನಿದ್ದೆ ಈಗ ಐದರವರೆಗೆ.
ಹಳೆಯ ವರದಿಗಳ ಕಟ್ಟನ್ನು ನನ್ನ ಮುಂದೆ ಎಸೆದು,
ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ:
‘ಎಲ್ಲದರಲ್ಲೂ ತಪ್ಪು! ಪಲಂಗಪ್ಪ ಅಲ್ಲ, ಪಳಂಗಪ್ಪ.
ನಾನೇನು ಮಂಚವಾ, ಬಿದ್ದುಕೊಂಡೇ ಇರೋಕೆ?’

ಎಂಟು ಸಲ ಓದಿದ್ದರು. ಎಂಟು ಸಲವೂ ಸುಮ್ಮನಿದ್ದರು.

ಪೆನ್ನು ತೆಗೆದುಕೊಂಡೆ.
ಒಂದೊಂದೇ ಹಾಳೆಯಲ್ಲಿ ನಾನು ‘ಳ’ ಬರೆಯುವುದನ್ನು
ಕಿಟಕಿಗೆ ಹಣೆ ತಾಗಿಸಿ
ಕೊನೆಯವರೆಗೂ ಕಾದು ನೋಡಿದರು.