ನಾಲ್ಕು ಫೂಟು ಹತ್ತಿಂಚು

ಬಡಿಗ್ಯಾರ ಮೋನಪ್ಪ ಅಟ್ಟ ಹತ್ತಿ ಟೇಪು ಬಿಚ್ಚಿದ.
ನಡುತೊಲಿ ಕೆಳಗ ನಾಲ್ಕು ಫೂಟು ಹತ್ತಿಂಚು,
ಅಂಚಿಗೆ ಹೋದ್ರ ಎರಡೂವರಿ.
"ಇದು ಖೋಲಿ ಆಗೂದಿಲ್ರೀ," ಅಂದ,
"ಮನಷ್ಯಾರು ನಿಂದರಬೇಕಲ್ಲ?"

ನಿಚ್ಚಣಿಕಿ ಬುಡದಾಗ ನಿಂತ ಅಣ್ಣ ವಿಠೋಬ ನಕ್ಕ.
"ನಮ್ಮ ರುಕ್ಮಾನ್ನ ನಿಂದರಿಸಿ ನೋಡ್ರಿ."

ಹತ್ತಿದೆ. ಇಲಿಹಿಕ್ಕಿ, ಹಳೇ ಹೊಗಿ, ಜೇಡರಬಲಿ.
ತೊಲಿ ಕೆಳಗ ನೆಟ್ಟಗ ನಿಂತೆ.
ನೆತ್ತಿಗೂ ತೊಲಿಗೂ ನಡುವ ಮೋನಪ್ಪ ಎರಡು ಬಟ್ಟು ತೂರಿಸಿದ,
ಆರಾಮ ಹೋದವು.
"ಹಂಗಾರ ಇದು ಖೋಲೀನ," ಅಂದ,
ಕಿವಿಮ್ಯಾಲಿನ ಪೆನ್ಸಿಲ್ ತಗದು ಗೀಟು ಎಳದ.

ಇಂಥಾ ಅಳತಿ ನನಗ ಹೊಸಾದಲ್ಲ.
ರಬಕವಿಯವರು ಬಾಗಲ ಚೌಕಟ್ಟಿಗೆ ನಿಲ್ಲಿಸಿ ನೋಡಿ
ಅವಲಕ್ಕಿ ತಿಂದು ಹ್ವಾದ್ರು.
ಗೋಕಾಕದವರು "ಚಪ್ಪಲ ಬಿಟ್ಟು ನಿಂದರ ತಂಗಿ" ಅಂದ್ರು.
ನಾ ಬರಿಗಾಲಾಗ ಇದ್ದೆ.
ಆಮ್ಯಾಲ ಯಾರೂ ಬರಲಿಲ್ಲ.
ಈಗ ನಲವತ್ತೊಂದು.
ಇಷ್ಟು ವರ್ಷ ಮಲಗಿದ್ದು ಮಗ್ಗದ ಮೂಲ್ಯಾಗ,
ಕಂಡಿಕಿ ಬುಟ್ಟಿಗೆ ತಲಿ ಹಚ್ಚಿ.
ನಸುಕಿನ್ಯಾಗ ನೀರಿಗೆ ಎದ್ದವರು ನನ್ನ ದಾಟಿ ಹೋಗವರು.

ಭಿಶಿ ಎತ್ತಿದ್ದೆ, ಅರವತ್ತು ಸಾವಿರ.
"ಬಂಗಾರ ಮಾಡಿಸ್ಕೋ," ಅಂದ್ಳು ವೈನಿ.
ಬಂಗಾರ ಹಾಕ್ಕೊಂಡು ಎಲ್ಲಿ ಮಲಗಲಿ?

ಅಟ್ಟ ಖಾಲಿ ಮಾಡಾಕ ನಾಲ್ಕು ದಿನ.
ಅಜ್ಜನ ಕೈಮಗ್ಗದ ಲಾಳಿ ಹದಿನೇಳು, ಹಣಿಗಿ ಮೂರು,
ಗಣಪತಿ ಮಂಟಪದ ಥರ್ಮಾಕೋಲು, ಐದು ವರ್ಷದ್ದು,
ತಳಾ ಇಲ್ಲದ ಕೊಪ್ಪರಿಗಿ
(ಯಾಕ ಇಟ್ಟಿದ್ರು, ಅವ್ವಗೂ ಗೊತ್ತಿಲ್ಲ),
ಎಲ್ಲಾರನ್ನೂ ತೂಗಿದ ತೊಟ್ಟಿಲಾ.
ಅದನ್ನೊಂದು ಇಳಸಾಕ ವೈನಿ ಬಿಡಲಿಲ್ಲ,
ಶುಭದ ಸಾಮಾನಂತ.
ಇರಲಿ. ಅದರಾಗ ಈಗ ನನ್ನ ರಗ್ಗು,
ಹೊಲಿಗಿ ಮಷೀನಿನ ಎಣ್ಣಿ, ಬ್ಯಾಂಕಿನ ಪಾಸ್‌ಬುಕ್ಕು.

ಮೂರು ಹಂಚು ತಗದು ಗಾಜಿನವು ಕೂಡಿಸಿದ್ರು.
ಬೆಳಕು ಬಿದ್ದ ಮ್ಯಾಲ ಗೊತ್ತಾತು ಎಷ್ಟು ಧೂಳಿ ಐತಂತ.
ಮನಿ ಮ್ಯಾಲಿನದೂ ಹಂಚ, ಒಲಿ ಮ್ಯಾಲಿನದೂ ಹಂಚ;
ಎಪ್ರಿಲ್ ಬಂದ್ರ ವಡಗಾವಿಯೊಳಗ ಎರಡರದೂ ಕೆಲಸ ಒಂದ.
ಅದಕ್ಕ ವಿಠೋಬ ವಾಪಸ್ ಬಂದ ಸೀರಿ ಒಂಬತ್ತು ಕೊಟ್ಟ.
ಒಂದರಾಗ ಎಳಿ ತಪ್ಪೈತಿ,
ಒಂದರ ಅಂಚು ಸೊಟ್ಟ,
ಒಂದಕ್ಕ ಏನೂ ಆಗಿಲ್ಲ, ಸೇಠಗ ಬಣ್ಣ ಸೇರಲಿಲ್ಲ ಅಷ್ಟ.
ಎಲ್ಲಾ ಕೂಡಿಸಿ ಹೊಲದೆ,
ಜಂತಿಗೆ ಮೊಳಿ ಹೊಡದು ಮ್ಯಾಲ ಬಿಗದೆ.
ಮಕ್ಕೊಂಡು ನೋಡಿದ್ರ ಒಂಬತ್ತು ಸೆರಗು.

ಈಗ ಬರವರೆಲ್ಲ ಬಗ್ಗೇ ಬರಬೇಕು.
ಲೈಟ್ ಬಿಲ್ಲಿನ ಮಾತಿಗೆ ಬಂದ ವಿಠೋಬ
ತಲಿ ಬಡಿಸಿಕೊಂಡ, ಎರಡು ಸಲ.
ಅವನ ಮಗ ಪರಶ್ಯಾ ಈ ವರ್ಷ ನನ್ನಕಿಂತ ಎತ್ತರ ಆಗ್ಯಾನ,
ಚಾಪಿ ಮ್ಯಾಲ ಕೂತ ಮಾತಾಡ್ತಾನ.
ಅವ್ವ ಹತ್ತೂದಿಲ್ಲ. ಕೆಳಗಿಂದ ಕೂಗ್ತಾಳ,
"ಗಾಳಿ ಬರತೈತೇನ?"
"ಬರತೈತಿ" ಅಂತೀನಿ.
ಟೇಬಲ್ ಫ್ಯಾನಿಂದು ಅದು. ಹೇಳೂದಿಲ್ಲ.

ರಾತ್ರಿ ಹತ್ತಕ್ಕ ಕೆಳಗ ಮಗ್ಗ ನಿಂತಾಗ
ಹಲಗಿ ನಡಗೂದು ನಿಲ್ಲತೈತಿ.
ಅಂಗಾಲಿಗೆ ಮದಲ ತಿಳೀತೈತಿ, ಕಿವಿಗೆ ಆಮ್ಯಾಲ.
ನಿನ್ನಿ ಬಾಗಲಾ ಹಾಕ್ಕೊಂಡು
(ಬಾಗಲಾ ಅಂದ್ರ ನೆಲದಾಗಿನ ಒಂದು ಹಲಗಿ,
ಆದ್ರ ಚಿಲಕ ಒಳಗಿನ ಕಡೆ ಐತಿ)
ತುದಿಗಾಲ ಮ್ಯಾಲ ನಿಂತೆ.
ನೆತ್ತಿಗೆ ಸೀರಿ ತಾಕಿತು.
ಅಲ್ಲೇ ಎಲ್ಲೋ, ಎಳಿ ತಪ್ಪಿದ ಜಾಗಾ.